ವಾಪಸ್ ಬಂದ ಗೇಮ್‌ಗಳ ನೋಟ್‌ಬುಕ್

ಸೆಕೆಂಡ್ ಹ್ಯಾಂಡ್ ಗೇಮ್ ಅಂಗಡಿ ತೆರೆದ ಹೊಸದರಲ್ಲಿ ನನಗೆ ಒಂದು ಹೆಮ್ಮೆ ಇತ್ತು. ಶೆಲ್ಫಿನಲ್ಲಿರುವ ಯಾವ ಗೇಮ್ ಬಗ್ಗೆ ಕೇಳಿದರೂ ಹತ್ತು ನಿಮಿಷ ಮಾತಾಡಬಲ್ಲೆ ಅಂತ. ಮಾತಾಡುತ್ತಲೂ ಇದ್ದೆ. ಗಿರಾಕಿಗಳು ತಲೆಯಾಡಿಸಿ, ದುಡ್ಡು ಕೊಟ್ಟು, ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದರು. ಎರಡು ದಿನ ಬಿಟ್ಟು ಅದೇ ಡಬ್ಬಿ ಹಿಡಿದು ಬರುತ್ತಿದ್ದರು. "ಓಡ್ತಾ ಇಲ್ಲ."

ಈ "ಓಡ್ತಾ ಇಲ್ಲ" ಅನ್ನುವ ಮಾತಿಗೆ ಎಷ್ಟು ಅರ್ಥ ಇದೆ ಅಂತ ತಿಳಿಯಲು ನನಗೆ ಒಂದು ವರ್ಷವೇ ಹಿಡಿಯಿತು. ವಾಪಸ್ ಬಂದ ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಏನು ಬಂತು, ಗಿರಾಕಿ ಏನಂದರು, ನಿಜವಾಗಿ ಏನಾಗಿತ್ತು. ಮೂರೇ ಕಾಲಂ. ಕೆಲವು ತಿಂಗಳಾದ ಮೇಲೆ ಓದಿ ನೋಡಿದರೆ ನಾಚಿಕೆಯಾಯಿತು. ಮಾಲು ಕೆಟ್ಟು ವಾಪಸ್ ಬಂದದ್ದು ಕಡಿಮೆ. ಮಾರುವ ಮುಂಚೆ ನಾನು ಒಂದು ಪ್ರಶ್ನೆ ಕೇಳದೇ ಇದ್ದುದಕ್ಕೆ ವಾಪಸ್ ಬಂದದ್ದೇ ಜಾಸ್ತಿ.

ಮೊದಲ ಪುಟದಲ್ಲೇ ಒಬ್ಬ ತಾತ ಇದ್ದಾರೆ. ಮೊಮ್ಮಗನಿಗೆ ಪ್ಲೇಸ್ಟೇಷನ್ 5ರ ಗೇಮ್ ಬೇಕು ಅಂದರು. ಕೊಟ್ಟೆ. ಮಾರನೇ ದಿನ ಬಂದು, "ಡಿಸ್ಕ್ ಹಾಕೋಕೆ ಜಾಗಾನೇ ಇಲ್ವಲ್ಲಪ್ಪಾ" ಅಂದರು. 2020ರಲ್ಲಿ ಆ ಕನ್ಸೋಲ್, ಅಂದರೆ ಗೇಮ್ ಆಡಿಸುವ ಮೆಷಿನ್, ಬಂದಾಗ ಎರಡು ಬಗೆಯಲ್ಲಿ ಬಂತು. ಒಂದರಲ್ಲಿ ಡಿಸ್ಕ್ ಡ್ರೈವ್ ಇತ್ತು, ಡಿಜಿಟಲ್ ಎಡಿಷನ್‌ನಲ್ಲಿ ಇರಲಿಲ್ಲ. ಅದೇ ವರ್ಷ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲೂ ಇಲ್ಲ. ಇದು ನನಗೆ ಗೊತ್ತಿತ್ತು. ಕೇಳಲಿಲ್ಲ, ಅಷ್ಟೇ.

ಆಮೇಲೆ ಮಾಡೆಲ್ ಹೆಸರು ಕೇಳುವುದನ್ನೇ ಬಿಟ್ಟೆ. ಮನೆಯವರಿಗೆ ಮಾಡೆಲ್ ಹೆಸರು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. "ಡಿಸ್ಕ್ ತೂರಿಸೋಕೆ ಉದ್ದನೆಯ ಬಾಯಿ ಇದೆಯಾ?" ಅಂತ ಕೇಳುತ್ತೇನೆ. ಗೊತ್ತಿಲ್ಲ ಅಂದರೆ ಮನೆಗೆ ಫೋನ್ ಮಾಡಿಸಿ ಒಂದು ಫೋಟೊ ತರಿಸುತ್ತೇನೆ. ಪ್ಲೇಸ್ಟೇಷನ್ 4ರ ಡಿಸ್ಕ್‌ಗಳು ಹೆಚ್ಚೂಕಡಿಮೆ ಎಲ್ಲವೂ, ಡ್ರೈವ್ ಇರುವ 5ರಲ್ಲಿ ಓಡುತ್ತವೆ, 5ರ ಡಿಸ್ಕ್ 4ರಲ್ಲಿ ಓಡುವುದಿಲ್ಲ. ಇದನ್ನೂ ಬಾಯಿಬಿಟ್ಟು ಹೇಳಬೇಕು. ಡಬ್ಬಿಯ ಮೇಲೆ ಬರೆದಿದೆ ನಿಜ. ಉಡುಗೊರೆ ಕೊಳ್ಳುವವರು ಯಾರು ಡಬ್ಬಿ ಓದುತ್ತಾರೆ?

ಇನ್ನು ಗೀರುಗಳು. ನೋಟ್‌ಬುಕ್ಕಿನ ಅರ್ಧ ಇವೇ ತುಂಬಿವೆ.

ಒಬ್ಬ ಹುಡುಗ ಮೊದಲನೇ ಪ್ಲೇಸ್ಟೇಷನ್‌ನ ಹಳೇ ಡಿಸ್ಕ್ ತಂದ. ಕೆಳಗಡೆ ಕನ್ನಡಿಯ ಹಾಗೆ ನುಣುಪು, ಒಂದು ಗೀರೂ ಇಲ್ಲ. ಆದರೂ ಓಡುವುದಿಲ್ಲ. ದೀಪಕ್ಕೆ ಹಿಡಿದು ನೋಡಿದರೆ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬರುತ್ತಿತ್ತು. ಚಿತ್ರ ಇರುವ ಮೇಲ್ಭಾಗದಿಂದ ಯಾರೋ ಸ್ಟಿಕ್ಕರ್ ಕಿತ್ತಿದ್ದರು. ಆ ಡಿಸ್ಕ್ ಸೀಡಿ, ಸೀಡಿಯಲ್ಲಿ ಮಾಹಿತಿ ಇರುವ ಪದರ ಲೇಬಲ್ಲಿನ ಕೆಳಗೇ ಇರುತ್ತದೆ, ನಾವು ಜೋಪಾನ ಮಾಡುವ ಕೆಳಭಾಗದ ಹತ್ತಿರ ಅಲ್ಲ. ಅಲ್ಲಿ ಕಿತ್ತು ಬಂದರೆ ಮುಗಿಯಿತು, ಯಾವ ಮೆಷಿನ್ನೂ ಸರಿ ಮಾಡಲಾರದು. ಡೀವಿಡಿಯಲ್ಲಿ ಆ ಪದರ ನಡುವೆ ಇರುತ್ತದೆ, ಮೇಲೂ ಕೆಳಗೂ 0.6 ಮಿಲಿಮೀಟರ್ ಪ್ಲಾಸ್ಟಿಕ್. ಪ್ಲೇಸ್ಟೇಷನ್ 3ರಿಂದ ಈಚೆಗೆ ಗೇಮ್‌ಗಳು ಬರುವ ಬ್ಲೂ-ರೇಯಲ್ಲಿ ಕೆಳಗಡೆಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಅದಕ್ಕೇ ಅದರ ಮೇಲೆ ಗಟ್ಟಿಯಾದ ಲೇಪ ಹಚ್ಚಿರುತ್ತಾರೆ.

ಈ ಲೆಕ್ಕ ತಿಳಿಯುವ ಮೊದಲು ನಾನೇ ಒಂದು ಪೆದ್ದುತನ ಮಾಡಿದೆ. ಗೀರು ಉಜ್ಜಿ ತೆಗೆಯುವ ಮೆಷಿನ್ ತಂದಿದ್ದೆ. ಪ್ಲೇಸ್ಟೇಷನ್ 2ರ ಡಿಸ್ಕ್‌ಗಳು ಅದರಲ್ಲಿ ಹೊಸದರ ಹಾಗೆ ಆಗುತ್ತಿದ್ದವು. ಅದೇ ಧೈರ್ಯದಲ್ಲಿ ಒಬ್ಬ ಗಿರಾಕಿಯ ಬ್ಲೂ-ರೇ ಡಿಸ್ಕನ್ನೂ ಹಾಕಿಬಿಟ್ಟೆ. ಗಟ್ಟಿ ಲೇಪ ಹೋಗಿ ಮಂಜು ಮುಸುಕಿದ ಹಾಗಾಯಿತು. ಮುಂಚೆ ಒಂದೇ ಲೆವೆಲ್‌ನಲ್ಲಿ ನಿಲ್ಲುತ್ತಿದ್ದ ಗೇಮ್ ಈಗ ಶುರುವೇ ಆಗಲಿಲ್ಲ. ಬೇರೆ ಡಿಸ್ಕ್ ಕೊಟ್ಟು ಕೈಮುಗಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತ ಹೇಳುವವರು ದಯವಿಟ್ಟು ಇದನ್ನು ಓದಿ.

ದುಂಡಗಿನ ಗೀರಿನ ಕಥೆ ಬೇರೆ. ಡಿಸ್ಕಿನ ಮೇಲೆ ಕಂಪಾಸ್ ಇಟ್ಟು ಎಳೆದ ಹಾಗೆ ಒಂದು ವೃತ್ತ. ಗಿರಾಕಿ ಆಣೆ ಮಾಡುತ್ತಾರೆ, ನಾವು ಮುಟ್ಟೇ ಇಲ್ಲ ಅಂತ. ನಾನು ವಾದ ಮಾಡುತ್ತಿದ್ದೆ. ಇಬ್ಬರ ಮುಖವೂ ಕೆಂಪಾಗುತ್ತಿತ್ತು. ಆಮೇಲೆ ತಿಳಿಯಿತು, ಅವರು ಹೇಳುವುದು ನಿಜ. ಡಿಸ್ಕ್ ತಿರುಗುತ್ತಿರುವಾಗ ಕನ್ಸೋಲನ್ನು ಎತ್ತಿದರೆ ಅಥವಾ ವಾಲಿಸಿದರೆ ಒಳಗಿನ ಭಾಗ ತಾಗಿ ಇಂಥ ಗೀರು ಬೀಳುತ್ತದೆ. ಈಗ, "ಇದು ಕೈಯಿಂದ ಆದದ್ದಲ್ಲ, ಆಡುವಾಗ ಮೆಷಿನ್ ಏನಾದರೂ ಜರುಗಿಸಿದ್ರಾ?" ಅಂತ ಕೇಳುತ್ತೇನೆ. ಒಂದು ಕ್ಷಣ ಸುಮ್ಮನಿದ್ದು, "ಹೌದು, ಧೂಳು ಒರೆಸೋಕೆ ಎತ್ತಿದ್ವಿ" ಅನ್ನುತ್ತಾರೆ. ಯಾರು ಮಾಡಿದ್ದು ಅಂತ ಕೇಳಿದರೆ ಜಗಳ, ಹೇಗಾಯಿತು ಅಂತ ಕೇಳಿದರೆ ಉತ್ತರ.

ಒರೆಸುವುದು ಅಂದಾಗ ನೆನಪಾಯಿತು. ಡಿಸ್ಕನ್ನು ದುಂಡಗೆ ಒರೆಸಬೇಡಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅಡ್ಡಕ್ಕೆ ಬಿದ್ದ ಸಣ್ಣ ಗೀರನ್ನು ಕನ್ಸೋಲ್ ತಾನೇ ಲೆಕ್ಕ ಹಾಕಿ ತುಂಬಿಸಿಕೊಳ್ಳುತ್ತದೆ. ಸುರುಳಿಯ ಜೊತೆಗೇ ಸಾಗಿದ ಗೀರು ಬಿದ್ದರೆ ಅದಕ್ಕೆ ಆಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ, ಅದನ್ನು ತಿರುವಿ ಹಾಕುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಬ್ಬ ಹುಡುಗಿ ಗೇಮ್ ಬಾಯ್‌ನ ಪೊಕೆಮಾನ್ ಕಾರ್ಟ್ರಿಜ್ ತಂದಿದ್ದಳು. ಗೇಮ್ ಬಾಯ್ ಅಂದರೆ ಕೈಯಲ್ಲಿ ಹಿಡಿದು ಆಡುವ ಹಳೇ ಕನ್ಸೋಲ್, ಕಾರ್ಟ್ರಿಜ್ ಅಂದರೆ ಗೇಮ್ ಇರುವ ಪ್ಲಾಸ್ಟಿಕ್ ಬಿಲ್ಲೆ. "ಅಣ್ಣಾ, ಇದರ ಬ್ಯಾಟರಿ ಹಳೇದಾಗಿದೆಯಂತೆ, ಬದಲಾಯಿಸ್ತೀರಾ?" ಅಂದಳು. ಆ ಕಾರ್ಟ್ರಿಜ್‌ಗಳ ಒಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ, ಆಡಿದ ಆಟವನ್ನು ನೆನಪಿಟ್ಟುಕೊಳ್ಳುವುದು ಅದರ ಬಲದಿಂದ. ಹಳೇದನ್ನು ಬೆಸುಗೆ ಬಿಡಿಸಿ ತೆಗೆದೆ, ಹೊಸದನ್ನು ಕೂರಿಸಿದೆ. ಕೆಲಸ ಚೊಕ್ಕವಾಗಿತ್ತು. ಅವಳ ಎದುರಿಗೇ ಆನ್ ಮಾಡಿದೆ. ಹೊಸ ಆಟ ಶುರು ಮಾಡಿ ಅಂತ ತೋರಿಸಿತು. ಮುಂದುವರಿಸಿ ಅನ್ನುವ ಸಾಲು ಇರಲಿಲ್ಲ. ಬ್ಯಾಟರಿ ತೆಗೆದ ಕೂಡಲೇ ಸೇವ್ ಅಳಿಸಿಹೋಗಿತ್ತು. "ಅದು ನನ್ನ ಅಕ್ಕ ಆಡಿದ್ದು" ಅಂದಳು, ಅಷ್ಟೇ. ಕೂಗಾಡಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಮಾರನೇ ವಾರವೇ ಕಾರ್ಟ್ರಿಜ್ ರೀಡರ್ ತರಿಸಿದೆ. ಸೇವನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಬ್ಯಾಟರಿ ಬದಲಾಯಿಸಿ, ಮತ್ತೆ ಒಳಗೆ ಹಾಕಬಹುದು. ಈಗ ಬ್ಯಾಟರಿ ಮಾತು ಬಂದ ಕೂಡಲೇ ನನ್ನ ಮೊದಲ ಪ್ರಶ್ನೆ, "ಇದರಲ್ಲಿ ಬೇಕಾದ ಸೇವ್ ಇದೆಯಾ?"

ಹೊಸ ಕನ್ಸೋಲ್ ಮಾರಲು ಬರುವವರಿಗೂ ಅದೇ ಪ್ರಶ್ನೆ. ನಿಂಟೆಂಡೊ ಸ್ವಿಚ್ ಅನ್ನುವ ಕನ್ಸೋಲ್‌ನಲ್ಲಿ ಸೇವ್ ಇರುವುದು ಕನ್ಸೋಲ್ ಒಳಗೆ, ಕಾರ್ಟ್ರಿಜ್‌ನಲ್ಲಿ ಅಲ್ಲ. ಇದು ಗೊತ್ತಿಲ್ಲದೆ ಕಾರ್ಟ್ರಿಜ್ ಮಾತ್ರ ಇಟ್ಟುಕೊಂಡು ಕನ್ಸೋಲ್ ಮಾರಿದವರಿದ್ದಾರೆ. ಅಕೌಂಟ್ ತೆಗೆಯುವುದು, ರೀಸೆಟ್ ಮಾಡುವುದು ಎರಡನ್ನೂ ಅವರ ಕೈಯಲ್ಲೇ, ನನ್ನ ಎದುರಿಗೇ ಮಾಡಿಸುತ್ತೇನೆ.

ಇದೇ ಸ್ವಿಚ್‌ನ ಕಾರ್ಟ್ರಿಜ್ ನೆಕ್ಕಿದ ಮಗು ಮುಖ ಕಿವುಚಿಕೊಂಡಿತು ಅಂತ ಒಬ್ಬರು ಗಾಬರಿಯಿಂದ ಓಡಿ ಬಂದಿದ್ದರು. ಮಕ್ಕಳು ನುಂಗದಿರಲಿ ಅಂತಲೇ ಅದಕ್ಕೆ ಡೆನಟೋನಿಯಂ ಬೆಂಜೊಯೇಟ್ ಅನ್ನುವ ವಿಪರೀತ ಕಹಿ ಪದಾರ್ಥ ಹಚ್ಚಿರುತ್ತಾರೆ. ಅವರು ನಂಬಲಿ ಅಂತ ನಾನೂ ಒಂದು ನೆಕ್ಕಿ ತೋರಿಸಿದೆ. ಅದು ಬೇಡವಾಗಿತ್ತು.

ಮಾರುವ ಮುಂಚೆ ಪರೀಕ್ಷೆ ಮಾಡಲ್ವಾ ಅಂತ ನೀವು ಕೇಳಬಹುದು. ಕೌಂಟರ್ ಮೇಲೆ ಟೀವಿ ಇಟ್ಟಿದ್ದೇ ಅದಕ್ಕೆ. ಆದರೆ ಡಿಸ್ಕ್ ಓದುವುದು ಒಳಗಿನಿಂದ ಅಂಚಿನ ಕಡೆಗೆ. ಹಳೇ ಕನ್ಸೋಲ್‌ಗಳು ಆಡುತ್ತಾ ಆಡುತ್ತಾ ಡಿಸ್ಕಿನಿಂದಲೇ ಓದುತ್ತವೆ. ಹಾಗಾಗಿ ಮೊದಲ ದೃಶ್ಯ ಚೆನ್ನಾಗಿ ಬಂದರೂ, ಇನ್ನೂ ಓದದ ಜಾಗದಲ್ಲಿ ಗೀರಿದ್ದರೆ ಆಟ ಎಲ್ಲೋ ಮುಂದೆ ಹೋಗಿ ನಿಲ್ಲುತ್ತದೆ. ಐದು ನಿಮಿಷದ ಪರೀಕ್ಷೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಪ್ಲೇಸ್ಟೇಷನ್ 4 ಇದಕ್ಕಿಂತ ಸುಲಭ. ಅದು ಡಿಸ್ಕಿನಲ್ಲಿರುವುದನ್ನು ಒಳಗೆ ಇಳಿಸಿಕೊಳ್ಳುತ್ತದೆ, ಕಾಪಿ ಕೊನೆ ಮುಟ್ಟಿದರೆ ಡಿಸ್ಕ್ ಚೆನ್ನಾಗಿದೆ ಅಂತಲೇ ಅರ್ಥ. ಅದಕ್ಕೇ ಹಳೇ ಕನ್ಸೋಲ್ ಡಿಸ್ಕ್‌ಗಳಿಗೆ ವಾಪಸ್ ಕೊಡುವ ಗಡುವನ್ನು ಜಾಸ್ತಿ ಇಟ್ಟಿದ್ದೇನೆ. ಪೂರ್ತಿ ಆಡಿ ಮುಗಿಸಿ ವಾಪಸ್ ತರುವ ಜಾಣರೂ ಇದ್ದಾರೆ. ಇರಲಿ ಬಿಡಿ, ಅವರೂ ಇನ್ನೊಂದು ಗೇಮ್ ಒಯ್ಯುತ್ತಾರೆ.

ನಿನ್ನೆ ಒಬ್ಬರು ಕಂಟ್ರೋಲರ್, ಅಂದರೆ ಆಡುವಾಗ ಕೈಯಲ್ಲಿ ಹಿಡಿಯುವ ಸಾಧನ, ತಂದು ಕೌಂಟರ್ ಮೇಲಿಟ್ಟರು. "ಓಡ್ತಾ ಇಲ್ಲ."

"ಆನ್ ಆಗ್ತಾನೇ ಇಲ್ವಾ ಸರ್, ಇಲ್ಲಾ ಇದರ ಮೇಲಿನ ಕಡ್ಡಿ ಮುಟ್ಟದೇ ಇದ್ರೂ ಪಾತ್ರ ತಾನಾಗೇ ಒಂದು ಕಡೆ ನಡೆದುಕೊಂಡು ಹೋಗ್ತಾ ಇದೆಯಾ?"

ಅವರು ಸ್ವಲ್ಪ ಹೊತ್ತು ಕಂಟ್ರೋಲರ್‌ನ್ನೇ ನೋಡಿದರು. "ಇರಿ, ಮಗನ್ನೇ ಕರ್ಕೊಂಡು ಬರ್ತೀನಿ" ಅಂದರು.