‘ನಾನು’ ಹುಡುಕಲು ಹೊರಟವರು ಮೊದಲು ಒಂದು ಖಾಲಿ ಹಾಳೆ ಇಟ್ಟುಕೊಳ್ಳಿ

‘ನಾನು ಅಂದರೆ ಏನು’ ಎಂಬುದಕ್ಕೆ ಪಾಶ್ಚಾತ್ಯ ತತ್ತ್ವಜ್ಞಾನಿಗಳು ಏನು ಹೇಳಿದ್ದಾರೆ ಎಂದು ಓದಲು ಹೊರಟವರು ಎಡವುವುದು ಎರಡು ಕಡೆ. ಒಂದು, ಕಾಂಟ್‌ನಿಂದ ಶುರು ಮಾಡುವುದು. ಆ ತಪ್ಪು ನಾನೇ ಮಾಡಿದ್ದೇನೆ. ಮೂವತ್ತು ಪುಟ ದಾಟುವಷ್ಟರಲ್ಲಿ ಪುಸ್ತಕ ಮುಚ್ಚಿಟ್ಟು ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಇನ್ನೊಂದು, ‘ಸೆಲ್ಫ್’ ಎಂದು ಕಂಡಲ್ಲೆಲ್ಲ ‘ಆತ್ಮ’ ಎಂದು ಓದಿಕೊಳ್ಳುವುದು. ಆತ್ಮ ಎಂದೊಡನೆ ಅಳಿಯದ್ದು, ಬದಲಾಗದ್ದು ಎಂಬ ಅರ್ಥಗಳೂ ಹಿಂದೆಯೇ ಬಂದು ಕೂರುತ್ತವೆ. ಅಂಥದ್ದೊಂದು ಇದೆಯೇ ಎಂಬುದೇ ಇವರ ಜಗಳ. ಉತ್ತರವನ್ನು ಪದದೊಳಗೇ ತುರುಕಿಬಿಟ್ಟರೆ ಪ್ರಶ್ನೆ ಕಾಣುವುದು ಹೇಗೆ? ಕರಡು ತಿದ್ದುವುದು ನನ್ನ ಕಸುಬು, ಪದ ಕಂಡರೆ ಅನುಮಾನ ಪಡುವುದು ಅಭ್ಯಾಸ. ಸದ್ಯಕ್ಕೆ ‘ನಾನು’ ಎಂದೇ ಓದಿಕೊಳ್ಳಿ.

ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇರಲಿ. ಇವರು ಹೇಳಿದ್ದನ್ನು ನಂಬುವುದಕ್ಕೂ ಬಿಡುವುದಕ್ಕೂ ಮುಂಚೆ ಮಾಡಿ ನೋಡಬೇಕು.

ಮೊದಲು ಡೆಕಾರ್ಟ್. 1641ರಲ್ಲಿ ಬಂದ ‘ಮೆಡಿಟೇಷನ್ಸ್’ನಲ್ಲಿ ಆರು ಭಾಗಗಳಿವೆ, ಎರಡನೆಯದು ಸಾಕು. ಕಣ್ಣು ಕಿವಿ ಮೋಸ ಮಾಡಬಹುದು, ದೇಹವೇ ಇಲ್ಲದಿರಬಹುದು, ಯಾವುದೋ ದುಷ್ಟ ಶಕ್ತಿ ನನ್ನನ್ನು ಏಮಾರಿಸುತ್ತಿರಬಹುದು. ಏಮಾರಲಿಕ್ಕಾದರೂ ನಾನು ಇರಬೇಕಲ್ಲ! ‘ನಾನಿದ್ದೇನೆ’ ಎಂದು ಅಂದುಕೊಂಡಾಗಲೆಲ್ಲ ಆ ಮಾತು ನಿಜ. (ಎಲ್ಲರ ಬಾಯಲ್ಲಿರುವ ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ವಾಕ್ಯ ಇಲ್ಲಿ ಹುಡುಕಬೇಡಿ. ಅದು 1637ರ ಫ್ರೆಂಚ್ ಕೃತಿಯಲ್ಲಿ, ಆಮೇಲೆ 1644ರ ಲ್ಯಾಟಿನ್ ಕೃತಿಯಲ್ಲಿದೆ.)

ಲ್ಯಾಟಿನ್‌ನ ‘ಕೋಗಿತೊ’ ಒಂದೇ ಪದ. ನಮ್ಮ ‘ಯೋಚಿಸುತ್ತೇನೆ’ಯ ಹಾಗೆ, ‘ನಾನು’ ಕ್ರಿಯಾಪದದ ಬಾಲದಲ್ಲಿ ಅಡಗಿದೆ. ಹಾಗಾದರೆ ಡೆಕಾರ್ಟ್‌ಗೆ ಸಿಕ್ಕಿದ್ದು ಯೋಚನೆಯೋ, ಯೋಚಿಸುವವನೋ? ಹದಿನೆಂಟನೆಯ ಶತಮಾನದ ಜರ್ಮನ್ ಭೌತವಿಜ್ಞಾನಿ ಲಿಕ್ಟನ್‌ಬರ್ಗ್ ತೆಗೆದ ತಕರಾರು ಇದೇ: ‘ಮಿಂಚುತ್ತದೆ’ ಎನ್ನುವ ಹಾಗೆ ‘ಯೋಚನೆಯಾಗುತ್ತದೆ’ ಎಂದಷ್ಟೇ ಹೇಳಬೇಕಲ್ಲವೇ? ಜರ್ಮನ್‌ನಲ್ಲಿ ಇದು ವಿಚಿತ್ರವಾಗಿ ಕೇಳಿಸುತ್ತದೆ, ಕನ್ನಡದಲ್ಲಿ ದಿನದ ಮಾತು. ‘ನನಗೆ ಹೊಳೆಯಿತು’, ‘ನನಗೆ ಅನ್ನಿಸಿತು’, ‘ನನಗೆ ನೆನಪಾಯಿತು’. ಇಲ್ಲಿ ನಾನು ಮಾಡಿದವಳಲ್ಲ, ಬಂದದ್ದನ್ನು ಪಡೆದವಳು. ಬೆಳಗ್ಗಿನಿಂದ ನೀವು ಆಡಿದ ಇಂಥ ನಾಲ್ಕು ವಾಕ್ಯ ಹಾಳೆಯ ಮೇಲೆ ಬರೆದು, ಕರ್ತೃ ಯಾರು ಎಂದು ಗುರುತು ಹಾಕಿ ನೋಡಿ. ಗುರುತು ಹಾಕಲು ಹೋದಾಗಲೇ ತೊಡಕು ಕಾಣುವುದು.

ಆಮೇಲೆ ಹ್ಯೂಮ್. ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ನ ಮೊದಲ ಸಂಪುಟ 1739ರಲ್ಲಿ ಬಂದಾಗ ಅವನಿಗಿನ್ನೂ 28 ತುಂಬಿರಲಿಲ್ಲ. ಅದರ ನಾಲ್ಕನೇ ಭಾಗದ ಆರನೇ ಅಧ್ಯಾಯ ಓದಿ. ನನ್ನೊಳಗೆ ಇಣುಕಿದಾಗಲೆಲ್ಲ ಬಿಸಿ, ತಂಪು, ನೋವು, ಪ್ರೀತಿ ಹೀಗೆ ಯಾವುದೋ ಒಂದು ಅನುಭವ ಕೈಗೆ ತಗಲುತ್ತದೆ, ಅದನ್ನು ಬಿಟ್ಟು ಬರೀ ‘ನಾನು’ ಎಂದೂ ಸಿಗುವುದಿಲ್ಲ ಎನ್ನುತ್ತಾನೆ. ಅನುಭವಗಳ ಕಂತೆ, ಅಷ್ಟೇ. ಇದನ್ನು ಓದಿ ತಲೆದೂಗಿ ಮುಂದೆ ಹೋಗಬೇಡಿ. ಐದು ನಿಮಿಷ ಸುಮ್ಮನೆ ಕೂತು, ಸಿಕ್ಕಿದ್ದನ್ನೆಲ್ಲ ಬರೆಯಿರಿ. ನನ್ನ ಹಾಳೆಯಲ್ಲಿ ಇದ್ದದ್ದು: ಫ್ರಿಜ್ಜಿನ ಗುಂಯ್ ಸದ್ದು. ಎಡ ಹಿಮ್ಮಡಿಯಲ್ಲಿ ತುರಿಕೆ. ಹಿಂದಿನ ದಿನ ಕೈತಪ್ಪಿ ಅಚ್ಚಾಗಿಹೋದ ಒಂದು ಒತ್ತಕ್ಷರದ ಬಗ್ಗೆ ಸಂಕಟ. ಐದು ನಿಮಿಷ ಆಯಿತೇ ಎಂಬ ಚಡಪಡಿಕೆ. ‘ನಾನು’ ಎಂಬ ಬಾಬತ್ತು ಪಟ್ಟಿಯಲ್ಲಿ ಇರಲೇ ಇಲ್ಲ.

ಪಟ್ಟಿ ಬರೆದವಳು ಯಾರು ಎಂಬ ಪ್ರಶ್ನೆ ನಿಮಗೆ ಈಗ ಬಂದಿದ್ದರೆ, ಕಾಂಟ್ ಓದಲು ತಯಾರಾದಿರಿ ಎಂದರ್ಥ. ‘ನಾನು ಯೋಚಿಸುತ್ತೇನೆ’ ಎಂಬುದು ನನ್ನ ಪ್ರತಿ ಅನುಭವದ ಜೊತೆಗೂ ಬರಲು ಸಾಧ್ಯವಿರಬೇಕು, ಇಲ್ಲದಿದ್ದರೆ ಅದು ನನ್ನ ಅನುಭವವೇ ಅಲ್ಲ ಎನ್ನುತ್ತಾನೆ ಅವನು. ಹಾಗೆಂದು ಅದನ್ನೊಂದು ವಸ್ತು ಎಂದುಕೊಂಡರೆ ತಪ್ಪಿದಿರಿ ಎಂದು ಎಚ್ಚರಿಸುವವನೂ ಅವನೇ. ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ನ 1787ರ ಎರಡನೇ ಆವೃತ್ತಿಯಲ್ಲಿ ಈ ಮಾತುಗಳು ಬರುವ ಭಾಗ ಮಾತ್ರ ಓದಿ, ಉಳಿದದ್ದು ಕಾಯುತ್ತದೆ. ಹ್ಯೂಮ್‌ಗೂ ತನ್ನ ಉತ್ತರದಿಂದ ಸಮಾಧಾನವಿರಲಿಲ್ಲ, 1740ರ ಅನುಬಂಧದಲ್ಲಿ ದಾರಿ ತಪ್ಪಿದ್ದೇನೆ ಎಂದು ಒಪ್ಪಿಕೊಂಡಿದ್ದಾನೆ. ಅದನ್ನು ಓದಿದ ಮೇಲೆ ನನಗೆ ಅವನ ಮೇಲೆ ಗೌರವ ಹೆಚ್ಚಾಯಿತು.

ಲಾಕ್ ಹ್ಯೂಮ್‌ಗಿಂತ ಹಿಂದಿನವನು. ಆದರೂ ಅವನನ್ನು ಇಲ್ಲಿ ಇಟ್ಟಿದ್ದೇನೆ, ಏಕೆಂದರೆ ಅವನ ಪ್ರಶ್ನೆ ಬೇರೆ: ನಿನ್ನೆಯ ನಾನೂ ಇಂದಿನ ನಾನೂ ಒಂದೇ ಎನ್ನಲು ಆಧಾರವೇನು? ತನ್ನ ‘ಎಸ್ಸೆ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್’ ಗ್ರಂಥದ 1694ರ ಎರಡನೇ ಆವೃತ್ತಿಗೆ ಹೊಸದಾಗಿ ಸೇರಿಸಿದ ಅಧ್ಯಾಯದಲ್ಲಿ ಉತ್ತರ ಕೊಡುತ್ತಾನೆ: ಪ್ರಜ್ಞೆ ಹಿಂದಕ್ಕೆ ಎಷ್ಟು ದೂರ ಚಾಚುತ್ತದೋ ಅಷ್ಟು ದೂರ ನಾನು. ದೇಹವಲ್ಲ, ಒಳಗಿನ ಯಾವುದೋ ದ್ರವ್ಯವೂ ಅಲ್ಲ. ‘ವ್ಯಕ್ತಿ’ ಎಂಬುದು ಹೊಣೆ ಹೊರಿಸಲು ಇರುವ ನ್ಯಾಯದ ಪದ ಎಂದೂ ಹೇಳುತ್ತಾನೆ.

ಇದನ್ನು ಪರೀಕ್ಷಿಸಲು ನಿಮ್ಮದೇ ಹಳೆಯ ಡೈರಿ ತೆಗೆಯಿರಿ, ಹಳೆಯದಾದಷ್ಟೂ ಒಳ್ಳೆಯದು. ನನ್ನದು ಹತ್ತೊಂಬತ್ತು ವರ್ಷ ಹಿಂದಿನದು. ಒಂದು ಪುಟದಲ್ಲಿ ಹೀಗಿತ್ತು: ‘ಅವರ ನಿಘಂಟು ತಂದೆ. ತಿಂಗಳೊಳಗೆ ವಾಪಸ್.’ ಅಕ್ಷರ ನನ್ನದೇ. ನೆನಪು ಚೂರೂ ಇಲ್ಲ. ಎದ್ದು ಕಪಾಟು ನೋಡಿದೆ. ಇಷ್ಟು ವರ್ಷ ನನ್ನದೆಂದೇ ಬಳಸಿದ್ದ ನಿಘಂಟಿನ ಮೊದಲ ಪುಟದಲ್ಲಿ ಬೇರೆಯವರ ಹೆಸರು, ಮಾಸಿದ ನೀಲಿ ಶಾಯಿಯಲ್ಲಿ. ಲಾಕ್‌ನ ಲೆಕ್ಕದಲ್ಲಿ ತಂದವಳು ನಾನಲ್ಲ. ಆದರೆ ಕುಡಿದ ಅಮಲಿನಲ್ಲಿ ಮಾಡಿದ್ದು ನೆನಪಿಲ್ಲ ಎಂದವನನ್ನೂ ನ್ಯಾಯಾಲಯ ಬಿಡುವುದಿಲ್ಲ, ಮರೆವನ್ನು ಸಾಬೀತು ಮಾಡಲು ಅವನಿಂದಾಗದು ಎಂದು ಲಾಕ್‌ನೇ ಬರೆದಿದ್ದಾನಲ್ಲ. ಡೈರಿಯಂಥ ಸಾಕ್ಷಿ ಎದುರಿಗಿಟ್ಟುಕೊಂಡು ನಾನು ಏನು ವಾದಿಸಲಿ?

ಲಾಕ್‌ನ ತರ್ಕ ಎಲ್ಲಿ ಮುರಿಯುತ್ತದೆ ಎಂದು ತೋರಿಸಿದ್ದು ಥಾಮಸ್ ರೀಡ್, 1785ರಲ್ಲಿ. ತೋಟದಲ್ಲಿ ಕದ್ದು ಏಟು ತಿಂದ ಹುಡುಗ, ಮುಂದೆ ಶತ್ರುವಿನ ಧ್ವಜ ಕಿತ್ತು ತಂದ ಅಧಿಕಾರಿ, ವಯಸ್ಸಾದ ಮೇಲೆ ಸೇನಾಧಿಪತಿ. ಅಧಿಕಾರಿಗೆ ಏಟು ನೆನಪಿದೆ. ಸೇನಾಧಿಪತಿಗೆ ಧ್ವಜ ನೆನಪಿದೆ, ಏಟು ಮರೆತಿದೆ. ಹಾಗಾದರೆ ಅವನು ಆ ಹುಡುಗ ಹೌದೂ ಹೌದು, ಅಲ್ಲವೂ ಹೌದು! ನೆನಪು ನೇರವಾಗಿ ಮುಟ್ಟಬೇಕಿಲ್ಲ, ಕೊಂಡಿಗೆ ಕೊಂಡಿ ಸೇರಿದರೆ ಸಾಕು ಎಂಬುದು ನಂತರದವರು ಮಾಡಿದ ರಿಪೇರಿ. ಹಾಳೆಯ ಮೇಲೆ ನಿಮ್ಮ ವರ್ಷಗಳ ಸರಪಳಿ ಬರೆಯಿರಿ. ನನ್ನದು ಎಲ್ಲೂ ಕಡಿಯಲಿಲ್ಲ, ಹಾಗಾಗಿ ನಿಘಂಟಿನ ಋಣ ನನ್ನ ತಲೆಗೇ ಬಂತು.

ಪಾರ್ಫಿಟ್‌ನನ್ನು ಕೊನೆಗೆ ಓದಿ, 1984ರ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದ ಮೂರನೇ ಭಾಗ. ಒಂದು ಯಂತ್ರ ನಿಮ್ಮ ನಕಲನ್ನು ಮಂಗಳ ಗ್ರಹದಲ್ಲಿ ಸೃಷ್ಟಿಸುತ್ತದೆ, ಇಲ್ಲಿನ ನೀವು ಇನ್ನು ಕೆಲವೇ ದಿನಗಳಲ್ಲಿ ಹೃದಯ ನಿಂತು ಸಾಯುತ್ತೀರಿ. ಇದು ಸಾವೇ? ‘ಅದು ನಾನೇನಾ’ ಎಂಬುದು ಮುಖ್ಯವೇ ಅಲ್ಲ, ನೆನಪು ಮತ್ತು ಸ್ವಭಾವದ ಎಳೆ ಮುಂದುವರಿದರೆ ಮುಖ್ಯವಾದದ್ದು ಉಳಿದಂತೆ ಎನ್ನುತ್ತಾನೆ. ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಹಾಳೆಯ ಕೊನೆಯಲ್ಲಿ ನಿಮ್ಮ ಉತ್ತರ ಬರೆದು ತಾರೀಖು ಹಾಕಿಡಿ, ವರ್ಷ ಕಳೆದು ನೋಡಲಿಕ್ಕೆ.

ನಿಘಂಟನ್ನು ವಾಪಸ್ ಕೊಡಲು ಹೋಗಿದ್ದೆ. ಅವರು ಮೊದಲ ಪುಟ ತೆರೆದು ತಮ್ಮ ಹೆಸರನ್ನು ಬಹಳ ಹೊತ್ತು ನೋಡಿ, ‘ಇದನ್ನು ನಾನು ಯಾವಾಗ ಕೊಟ್ಟಿದ್ದೆ?’ ಎಂದರು.