ಕಸವನ್ನು ತೂಕಕ್ಕೆ ಹಾಕಿದ ಮೇಲೆ: ನನ್ನ ಅನುಭವ

ನಮ್ಮ ಮನೆಯಿಂದ ಹೊರಗೆ ಹೋಗುವ ಕಸ ಈಗ ವಾರಕ್ಕೆ ಅರ್ಧ ಕೆಜಿ. ಜಾಸ್ತಿ ಅಂದರೆ ಮುಕ್ಕಾಲು. ಎರಡು ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಇದೇ ನಾಲ್ಕು ಜನ ಸೇರಿ ವಾರಕ್ಕೆ ಎಂಟೊಂಬತ್ತು ಕೆಜಿ ಹೊರಗೆ ಹಾಕುತ್ತಿದ್ದೆವು. ಮರುಬಳಕೆಗೆ ಕೊಡುವ ಕಾಗದ, ಗಾಜು, ತಗಡು ಆಗಲೂ ಈ ಲೆಕ್ಕದಲ್ಲಿ ಇರಲಿಲ್ಲ, ಈಗಲೂ ಇಲ್ಲ. ಕರೆಂಟ್ ಬಿಲ್ಲು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಳಿದಿದೆ. "ಇದೆಲ್ಲ ಒಂದು ತಿಂಗಳ ಹುಮ್ಮಸ್ಸು" ಅಂತ ನಮ್ಮ ಭಾವ ಅಂದಿದ್ದರು. ನಮ್ಮನೆಯವರೂ ಹೌದು ಹೌದು ಅಂತ ತಲೆಯಾಡಿಸಿದ್ದರು. ಅದನ್ನು ಕೇಳಿಸಿಕೊಂಡವಳು ಈಗ ಸುಮ್ನೆ ಇರೋಕಾಗುತ್ತಾ? ಅದಕ್ಕೇ ಬರೆಯುತ್ತಿದ್ದೇನೆ.

ಹಸಿ ಕಸ, ಒಣ ಕಸ ಬೇರೆ ಮಾಡೋದು, ಎಲ್‌ಇಡಿ ಬಲ್ಬು ಹಾಕೋದು, ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನೇ ಮತ್ತೆ ಹೇಳಲ್ಲ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ದೆವು. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ. ಲೈಟ್ ಆರಿಸಿ, ನಲ್ಲಿ ನಿಲ್ಲಿಸಿ, ಚೀಲ ಮರೆಯಬೇಡಿ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಪಟ್ಟಿ ಗೋಡೆಯ ಬಣ್ಣದ ಹಾಗೆ ಯಾರ ಕಣ್ಣಿಗೂ ಬೀಳದಂತಾಯಿತು. ಆಗ ಎರಡು ನಿಯಮ ಇಟ್ಟುಕೊಂಡೆ. ದಿನಾ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸವನ್ನು ಶುರುವೇ ಮಾಡಬಾರದು. ಅಳೆಯದೆ ಏನನ್ನೂ ಬದಲಿಸಬಾರದು.

ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಬರುತ್ತದಲ್ಲ, ಅದೊಂದನ್ನು ಬಾಗಿಲ ಹಿಂದೆ ನೇತುಹಾಕಿದೆ. ತಿಂಗಳುಗಟ್ಟಲೆ ಏನನ್ನೂ ಬದಲಿಸಲಿಲ್ಲ. ಬರೀ ತೂಗಿದೆ, ಬರೆದಿಟ್ಟೆ. ಪ್ಲಾಸ್ಟಿಕ್ಕೇ ದೊಡ್ಡ ಶತ್ರು ಅಂದುಕೊಂಡಿದ್ದೆವು. ತೂಕದಲ್ಲಿ ಅದು ಏನೂ ಅಲ್ಲ. ಬುಟ್ಟಿಯಲ್ಲಿ ಜಾಗ ತುಂಬುತ್ತದೆ ಅಷ್ಟೆ. ನಾಲ್ಕರಲ್ಲಿ ಮೂರು ಪಾಲು ತೂಕ ಅಡುಗೆಮನೆಯ ಹಸಿ ಕಸದ್ದು. ಅದರಲ್ಲೂ ಸಿಪ್ಪೆಗಿಂತ, ಕೊಂಡು ತಂದು ತಿನ್ನದೆ ಎಸೆದದ್ದು ಕಂಡು ಹೊಟ್ಟೆ ಉರಿಯಿತು. 2022ರಲ್ಲಿ ಜಗತ್ತಿನಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುತ್ತದೆ. ಹೋಟೆಲಿನವರ ಕಡೆ ಬೆರಳು ತೋರಿಸುವ ಹಾಗಿಲ್ಲ.

ಇದಕ್ಕೆ ಮಾಡಿದ್ದು ಇಷ್ಟೇ. ಫ್ರಿಜ್ಜಿನ ಕೆಳಗಿನ ಡ್ರಾಯರಿನಿಂದ ತರಕಾರಿ ತೆಗೆದು ಮಧ್ಯದ ತಟ್ಟೆಯಲ್ಲಿ ಇಟ್ಟೆ. ಅಲ್ಲಿದ್ದ ಬಾಟಲಿಗಳನ್ನು ಡ್ರಾಯರಿಗೆ ತಳ್ಳಿದೆ. ಬಾಟಲಿ ಒಂದು ತಿಂಗಳು ಕಾಣದಿದ್ದರೂ ಕೆಡಲ್ಲ. ಸೊಪ್ಪು ನಾಲ್ಕು ದಿನ ಕಾಣದಿದ್ದರೆ ಹೋಯಿತು. ಸೊಪ್ಪು ಬಾಡದಿರಲಿ ಅಂತ ಮುಚ್ಚಳವಿರುವ ಪಾರದರ್ಶಕ ಡಬ್ಬಿ. ಉಳಿದದ್ದಕ್ಕೆಲ್ಲ ಇನ್ನೊಂದು ಡಬ್ಬಿ, ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಕಾಣುವ ಹಾಗೆ. ತರಕಾರಿ ಖರ್ಚು ಐದಾರರಲ್ಲಿ ಒಂದು ಪಾಲು ಕಡಿಮೆಯಾಯಿತು. ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ.

ಇನ್ನು ಕಾಂಪೋಸ್ಟು. ದುಡ್ಡು ಹೋಗಿದ್ದೆಲ್ಲ ಇಲ್ಲೇ.

ಮೊದಲು ಬಂದದ್ದು ಕೆಳಗೆ ನಲ್ಲಿ ಇರುವ ಅಂದವಾದ ಬಿನ್ನು. ಜೊತೆಗೆ ಸೂಕ್ಷ್ಮಜೀವಿ ಪುಡಿ, ಪ್ರತಿ ತಿಂಗಳೂ ಒಂದು ಪ್ಯಾಕೆಟ್ ಬೇಕಂತೆ. ಮೂರನೇ ವಾರಕ್ಕೆ ಒಳಗೆ ಕೆಸರು. ಕೆಳಗಿನ ಮನೆಯವರು ಬಂದು "ನಿಮ್ಮಲ್ಲಿ ಏನಾದರೂ ಸತ್ತಿದೆಯಾ?" ಅಂತ ಕೇಳಿದರು. ಗಾಳಿ ಇಲ್ಲದೆ ಕೊಳೆತರೆ ನಾತ ಮಾತ್ರ ಅಲ್ಲ, ಮೀಥೇನ್ ಕೂಡ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಕಸದ ಗುಡ್ಡೆಯಲ್ಲಿ ಆಗುವುದೂ ಇದೇ. ನಾರುವ ಬಿನ್ನು ಇಟ್ಟುಕೊಂಡು ಪರಿಸರ ಉಳಿಸುತ್ತಿದ್ದೇನೆ ಅಂದರೆ ನಗೆಪಾಟಲು.

ಆಮೇಲೆ ಮಿಕ್ಸಿಯಲ್ಲಿ ರುಬ್ಬಿ ಹಾಕಿದರೆ ಬೇಗ ಆಗುತ್ತದೆ ಅಂತ ಯಾರೋ ಅಂದರು. ಅದು ಇನ್ನೂ ಕೆಟ್ಟದಾಯಿತು. ರುಬ್ಬಿದ್ದು ಒಂದಕ್ಕೊಂದು ಅಂಟಿ ಗಾಳಿ ಆಡುವ ಸಂದೇ ಉಳಿಯಲಿಲ್ಲ. ಕರೆಂಟು ಖರ್ಚಾದದ್ದು ಬೇರೆ. ಅದಾದ ಮೇಲೆ ಎರೆಹುಳು. ದುಡ್ಡು ಕೊಟ್ಟು ತಂದವು. ತಂಪು ಇದ್ದಷ್ಟು ದಿನ ಖುಷಿಯಾಗಿದ್ದವು. ಬಾಲ್ಕನಿಗೆ ಮಧ್ಯಾಹ್ನದ ಬಿಸಿಲು ಬೀಳಲು ಶುರುವಾದ ಮೇಲೆ ಒಂದೊಂದಾಗಿ ಬಿನ್ನಿನ ಗೋಡೆ ಹತ್ತಿದವು, ಉಳಿದವು ಒಳಗೇ ಸತ್ತವು. 35 ಡಿಗ್ರಿ ದಾಟಿದರೆ ಅವು ತಡೆಯುವುದಿಲ್ಲ. ಬಿನ್ನು, ಪುಡಿ, ಹುಳು ಎಲ್ಲ ಸೇರಿಸಿದರೆ ಒಂದು ಒಳ್ಳೆ ಫ್ಯಾನಿನ ದುಡ್ಡು.

ಕೊನೆಗೆ ಗೆದ್ದಿದ್ದು ಖಾಲಿ ಪೇಂಟ್ ಬಕೆಟ್‌ಗಳು. 20 ಲೀಟರಿನವು, ಐದಾರು ಇವೆ, ಒಂದಕ್ಕೂ ದುಡ್ಡು ಕೊಟ್ಟಿಲ್ಲ. ಸುತ್ತ 6 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಕೊರೆದ ತೂತು, ಒಳಗಿನಿಂದ ಸೊಳ್ಳೆ ಪರದೆಯ ತುಂಡು. ಒಂದು ತುಂಬಲು ಮೂರು ನಾಲ್ಕು ವಾರ. ತುಂಬಿದ್ದು ಮೂಲೆಗೆ ಹೋಗುತ್ತದೆ, ಮುಂದಿನದ್ದು ಬರುತ್ತದೆ.

ಆದರೆ ಗುಟ್ಟು ಬಕೆಟ್ಟಿನಲ್ಲಿಲ್ಲ. ಪಕ್ಕದಲ್ಲಿರುವ ಒಣ ಎಲೆಯ ಮೂಟೆಯಲ್ಲಿದೆ. ಮೊದಲು ಅದನ್ನು ಸ್ಟೋರಿನಲ್ಲಿ ಇಟ್ಟಿದ್ದೆ. ಸಿಪ್ಪೆ ಸುರಿಯಲು ಬಂದವರು ಎಲೆ ತರಲು ಒಳಗೆ ಹೋಗುತ್ತಾರಾ? ಯಾರೂ ಹೋಗಲಿಲ್ಲ. ಮೂಟೆ ಬಕೆಟ್ಟಿಗೆ ತಾಗಿಕೊಂಡೇ ಇಟ್ಟು, ಅದರೊಳಗೆ ಒಂದು ಡಬ್ಬಿ ಹಾಕಿದ ಮೇಲೆ ಅತ್ತೆ ಕೂಡ ತಾವಾಗಿ ಎಲೆ ಹಾಕುತ್ತಾರೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಇವೆರಡೂ 30ಕ್ಕೆ 1ರ ಹಾಗೆ ಇರಬೇಕು ಅನ್ನುವ ಲೆಕ್ಕ ಅಡುಗೆಮನೆಯಲ್ಲಿ ನಡೆಯಲ್ಲ. ನನ್ನದು ಒಂದು ಬಟ್ಟಲು ಸಿಪ್ಪೆಗೆ ಒಂದೂವರೆ ಬಟ್ಟಲು ಎಲೆ. ಎಲೆ ಸಿಗದಾಗ ರಟ್ಟಿನ ಪೆಟ್ಟಿಗೆ ಹರಿದು ಹಾಕುತ್ತೇನೆ, ಟೇಪು ಕಿತ್ತು. ಬಕೆಟ್ಟಿನ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ಎಲೆ ಸಾಲದು, ಏನೂ ಬರದಿದ್ದರೆ ಇರುವೆ ಬರುತ್ತದೆ. ಪುಡಿ ನಿಲ್ಲಿಸಿ ಬಹಳ ಕಾಲವಾಯಿತು. ಹಳೆಯ ಗೊಬ್ಬರದ ಎರಡು ಹಿಡಿ ಸಾಕು, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಮೇಲಿನ ಪದರಕ್ಕೆ ನಾನು ಇನ್ನೊಂದು ವಸ್ತು ಹರಡುತ್ತೇನೆ. ಅದರಿಂದ ಹಣ್ಣು ನೊಣ ಹೆಚ್ಚುಕಡಿಮೆ ನಿಂತೇಹೋಯಿತು. ಅದೇನು ಅಂತ ಸದ್ಯಕ್ಕೆ ಕೇಳಬೇಡಿ, ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಒಂದು ದಿನ ಮುಚ್ಚಳ ತೆಗೆದರೆ ಬೂದು ಬಣ್ಣದ ದಪ್ಪ ಹುಳುಗಳು ಬುಳುಬುಳು. ಕಿವಿ ಹತ್ತಿರ ತಂದರೆ ಚರಚರ ಸದ್ದು ಬೇರೆ. ನಮ್ಮನೆಯವರು "ಇದನ್ನು ಈಗಲೇ ಆಚೆ ಬಿಸಾಕು" ಅಂದರು. ಬಿಸಾಕಲಿಲ್ಲ. ಅವು ಕಪ್ಪು ಸೈನಿಕ ನೊಣದ ಮರಿಗಳು. ದೊಡ್ಡದಾದ ಮೇಲೆ ಆ ನೊಣ ಕಚ್ಚುವುದಿಲ್ಲ, ಮನೆಯ ನೊಣದ ಹಾಗೆ ಊಟದ ಮೇಲೆ ಬಂದು ಕೂರುವುದೂ ಇಲ್ಲ. ಬಕೆಟ್ಟಿನಲ್ಲಿದ್ದದ್ದು ವಾರದೊಳಗೆ ಅರ್ಧಕ್ಕೆ ಕುಸಿಯಿತು. ಪುಕ್ಕಟೆ ಕೆಲಸದಾಳುಗಳು!

ಒಂದು ಮಾತು. ಸಣ್ಣ ಬಕೆಟ್ಟಿನಲ್ಲಿ ದೊಡ್ಡ ಗೊಬ್ಬರದ ಗುಡ್ಡೆಯಷ್ಟು ಬಿಸಿ ಏರುವುದಿಲ್ಲ. ಬೀಜ, ರೋಗ ಸಾಯಬೇಕಾದರೆ 55 ಡಿಗ್ರಿ ಆಗಿ ಮೂರು ದಿನವಾದರೂ ನಿಲ್ಲಬೇಕು. ನನ್ನದು 40ರ ಆಚೆಈಚೆ ನಿಂತುಬಿಡುತ್ತದೆ. ಅದಕ್ಕೇ ಕುಂಡದ ತುಂಬ ಟೊಮೇಟೊ ಸಸಿ ತಾನಾಗಿ ಏಳುತ್ತವೆ. ರೋಗ ಹಿಡಿದ ಗಿಡ ಮಾತ್ರ ಇದಕ್ಕೆ ಹಾಕಲ್ಲ. ವರ್ಷಕ್ಕೆ ಐವತ್ತು ಕೆಜಿ ಆಸುಪಾಸು ಗೊಬ್ಬರ ಸಿಗುತ್ತದೆ. ಜರಡಿ ಹಿಡಿದಾಗ ಮೇಲೆ ಉಳಿಯುವುದು ಏನು ಗೊತ್ತಾ? ಹಣ್ಣಿಗೆ ಅಂಟಿಸುವ ಪುಟಾಣಿ ಸ್ಟಿಕ್ಕರುಗಳು. ಹಣ್ಣು ಮಣ್ಣಾಗಿರುತ್ತದೆ, ಸ್ಟಿಕ್ಕರು ಅಕ್ಷರ ಸಮೇತ ಹಾಗೇ ಇರುತ್ತದೆ. "ಕಾಂಪೋಸ್ಟ್ ಆಗುತ್ತದೆ" ಅಂತ ಅಚ್ಚು ಹಾಕಿದ ಒಂದು ಲೋಟವನ್ನೂ ಹೂತುಹಾಕಿ ನೋಡಿದೆ. ಅರ್ಧ ವರ್ಷ ಕಳೆದರೂ ತೊಳೆದು ಮತ್ತೆ ಬಳಸುವಷ್ಟು ಗಟ್ಟಿ. ಆ ಲೋಟ ಪಿಎಲ್‌ಎ ಅನ್ನುವ, ಗಿಡದ ಪಿಷ್ಟದಿಂದ ಮಾಡುವ ಪ್ಲಾಸ್ಟಿಕ್ಕಿನದ್ದು. ಅದು ಕೊಳೆತು ಮಣ್ಣಾಗಲು ಕಾರ್ಖಾನೆ ಮಟ್ಟದ ಬಿಸಿ ಬೇಕು, ಮನೆಯ ಬಕೆಟ್ಟಿನಲ್ಲಿ ಆಗದ ಕೆಲಸ.

ನೀರಿನ ಕೆಲಸ ಇಷ್ಟು ಕಷ್ಟ ಕೊಡಲಿಲ್ಲ. ಒಂದು ಲೀಟರಿನ ಜಗ್ಗು, ಮೊಬೈಲಿನ ಸ್ಟಾಪ್‌ವಾಚ್. ಪಾತ್ರೆ ತೊಳೆಯುವ ನಲ್ಲಿಯಲ್ಲಿ ಜಗ್ಗು ಐದು ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ 12 ಲೀಟರು. ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಜಾಲರಿಯನ್ನು ನಲ್ಲಿಯ ಬಾಯಿಗೆ ಹಾಕಿದ ಮೇಲೆ ಹತ್ತು ಸೆಕೆಂಡು. ಹಾಗಂತ ಮನೆಯ ಎಲ್ಲ ನಲ್ಲಿಗೂ ಕೊಂಡುಬಿಡಬೇಡಿ. ಬಕೆಟ್ ತುಂಬಿಸುವ ನಲ್ಲಿಗೆ ಅದರಿಂದ ಒಂದು ಹನಿಯೂ ಉಳಿಯಲ್ಲ. ಬಕೆಟ್ಟು ಅದೇ ಬಕೆಟ್ಟು, ಕಾಯುವುದು ಮಾತ್ರ ಜಾಸ್ತಿ. ಹಳೆಯ ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿ ಮುಚ್ಚಿದ ಒಂದು ಲೀಟರಿನ ಬಾಟಲಿ ಇಟ್ಟೆ, ಪ್ರತಿ ಸಲ ಒಂದು ಲೀಟರು ಉಳಿಯಿತು. ಇಟ್ಟಿಗೆ ಇಡಬೇಡಿ, ಪುಡಿ ಉದುರಿ ವಾಲ್ವ್ ಹಾಳಾಗುತ್ತದೆ. ಆರ್‌ಓ ಯಂತ್ರ ಒಂದು ಲೀಟರು ಕೊಡಲು ಎರಡು ಮೂರು ಲೀಟರು ಆಚೆ ಬಿಡುತ್ತದಲ್ಲ, ಅದರ ಪೈಪನ್ನು ಒಂದು ಕ್ಯಾನಿಗೆ ಬಿಟ್ಟಿದ್ದೇನೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಅದೇ ನೀರು. ಕುಂಡಕ್ಕೂ ಹಾಕಿ ನೋಡಿದೆ. ಉಪ್ಪಿನಂಶ ಹೆಚ್ಚಿರುವುದರಿಂದ ಎಲೆಯ ತುದಿ ಸುಟ್ಟ ಹಾಗಾಯಿತು, ನಿಲ್ಲಿಸಿದೆ.

ಕರೆಂಟಿಗೆ ಪ್ಲಗ್ಗಿನಲ್ಲಿ ಸಿಕ್ಕಿಸುವ ವ್ಯಾಟ್ ಮೀಟರನ್ನು ಗೆಳತಿಯಿಂದ ಎರವಲು ತಂದೆ. ವರ್ಷಗಟ್ಟಲೆ ಚಾರ್ಜರ್ ತೆಗೆಯಿರಿ ಅಂತ ಮಕ್ಕಳಿಗೆ ಬೈದದ್ದು ದಂಡ. ಫೋನ್ ಇಲ್ಲದ ಚಾರ್ಜರು ಅರ್ಧ ವ್ಯಾಟೂ ತಿನ್ನಲ್ಲ. ರಿಮೋಟಿನಲ್ಲಿ ಆರಿಸಿದ ಸೆಟ್‌ಟಾಪ್ ಬಾಕ್ಸು ಮಾತ್ರ ಹತ್ತು ವ್ಯಾಟ್ ಎಳೆಯುತ್ತಲೇ ಇತ್ತು. ದಿನವಿಡೀ, ವರ್ಷವಿಡೀ ಅಂದರೆ ಸುಮಾರು 88 ಯೂನಿಟ್, ಯಾರೂ ನೋಡದ ಟೀವಿಗೆ. ಸ್ವಿಚ್ಚು ಟೀವಿಯ ಹಿಂದೆ ಇತ್ತು, ಅದನ್ನು ಸೋಫಾದ ಕೈಗೆ ಎಟುಕುವ ಹಾಗೆ ತಂದೆ. ಹಳೆಯ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನು 30ರ ಹತ್ತಿರ. ದಿನಕ್ಕೆ ಹತ್ತು ಹನ್ನೆರಡು ಗಂಟೆ ತಿರುಗುವ ಕಡೆ ಅದರ ದುಡ್ಡು ಕೆಲವೇ ವರ್ಷದಲ್ಲಿ ವಾಪಸ್ ಬರುತ್ತದೆ. ಅತಿಥಿಗಳ ಕೋಣೆಯದ್ದನ್ನು ನಾನು ಮುಟ್ಟಿಲ್ಲ. ವಾಷಿಂಗ್ ಮೆಷಿನ್ನಿನಲ್ಲಿ ಬಿಸಿ ನೀರು ಬಿಟ್ಟು ತಣ್ಣೀರಿಗೆ ಬಂದರೆ ಒಂದು ಸಲದ ಕರೆಂಟು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜಿಡ್ಡಿನ ಕಲೆಗೆ ಮೊದಲೇ ಸೋಪು ಉಜ್ಜಿಟ್ಟರೆ ಆಯಿತು.

ಬಟ್ಟೆ ಚೀಲದ ವಿಷಯಕ್ಕೆ ನನ್ನ ಮೇಲೆ ಜಗಳಕ್ಕೆ ಬರುವವರಿದ್ದಾರೆ. ಹೊಸದು ಕೊಳ್ಳಬೇಡಿ ಅನ್ನುತ್ತೇನೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿತ್ತು. ಒಂದು ಹತ್ತಿ ಚೀಲ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಹವಾಮಾನದ ಲೆಕ್ಕಕ್ಕಷ್ಟೇ 52 ಸಲ ಬಳಸಬೇಕು. ಎಲ್ಲ ಬಗೆಯ ಪರಿಣಾಮ ಸೇರಿಸಿದರೆ 7,100 ಸಲ. ಸಮುದ್ರ ಸೇರುವ ಕಸ ಆ ಲೆಕ್ಕದಲ್ಲಿ ಇಲ್ಲ, ಅದು ನಿಜ. ಆದರೂ ಸಮಾರಂಭಕ್ಕೊಂದು ಚೀಲ ಹಂಚುವುದು ಯಾವ ಸೀಮೆ ಪರಿಸರ ಪ್ರೇಮ? ನಮ್ಮವು ಹಳೆಯ ಬೆಡ್‌ಶೀಟಿನಿಂದ ಹೊಲಿದವು, ಗಾಡಿಯ ಕೀಲಿ ಇರುವ ಮೊಳೆಗೇ ತೂಗುಹಾಕಿರುತ್ತವೆ. ಕೀಲಿ ಬಿಟ್ಟು ಯಾರೂ ಹೊರಡಲ್ಲವಲ್ಲ.

ನಡುವೆ ಹಣ್ಣಿನ ಸಿಪ್ಪೆಯ ಎಂಜೈಮ್, ಅಂದರೆ ಸಿಪ್ಪೆ ಹುಳಿ ಬರಿಸಿ ತೆಗೆಯುವ ಒರೆಸುವ ನೀರನ್ನು ಕೂಡ ಮಾಡಿದೆ. ಒಂದು ಪಾಲು ಬೆಲ್ಲ, ಮೂರು ಸಿಪ್ಪೆ, ಹತ್ತು ನೀರು, ಮೂರು ತಿಂಗಳು. ಗ್ಯಾಸು ಬಿಡುವುದು ತಪ್ಪಿದ ಒಂದು ಬಾಟಲಿಯ ಮುಚ್ಚಳ ನಡುರಾತ್ರಿ ಚಾವಣಿಗೆ ಹಾರಿತು. ಬಚ್ಚಲು ನೆಲ ಒರೆಸಲು ಪರವಾಗಿಲ್ಲ. ಆದರೆ ಬೆಲ್ಲದ ದುಡ್ಡಿಗೆ ಅದಕ್ಕಿಂತ ಜಾಸ್ತಿ ಸೋಪು ಬರುತ್ತಿತ್ತು. ನಾನಂತೂ ಮತ್ತೆ ಮಾಡಲ್ಲ.

ಈಗ ಉಳಿದಿರುವ ಆ ಅರ್ಧ ಕೆಜಿಯಲ್ಲಿ ಹೆಚ್ಚಿನದು ಹೊಳೆಯುವ ಪ್ಯಾಕೆಟ್‌ಗಳು. ಪ್ಲಾಸ್ಟಿಕ್ಕಿನ ಪದರ, ಅಲ್ಯುಮಿನಿಯಂ ಪದರ ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಡಿಸೋಕಾಗಲ್ಲ, ಅದಕ್ಕೇ ಗುಜರಿಯವರೂ ತೆಗೆದುಕೊಳ್ಳಲ್ಲ. ಹತ್ತು ಸಣ್ಣ ಪ್ಯಾಕೆಟ್ಟಿನ ಬದಲು ಒಂದು ದೊಡ್ಡದು ತಂದರೆ ತೂಕ ಸ್ವಲ್ಪ ಇಳಿಯುತ್ತದೆ. ಆದರೆ ನಮ್ಮ ಮಕ್ಕಳು ದೊಡ್ಡ ಪ್ಯಾಕೆಟ್ಟನ್ನು ಒಂದೇ ಸಲ ಕೂತು ಮುಗಿಸುತ್ತಾರೆ. ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ. ಹಾಂ, ಪಟ್ಟಿ ಬರೆದು ಅಂಟಿಸಿ ಅಂತ ಮಾತ್ರ ಹೇಳಬೇಡಿ.