ಮೊದಲ ಮೆಟಲ್ ಡಿಟೆಕ್ಟರ್ ಕೊಳ್ಳುವ ಮುನ್ನ ವಿಮರ್ಶೆಗಳನ್ನು ನಾನು ಓದಿದ ಬಗೆ

ನಮ್ಮದು ಕೊಡಗಿನ ಸಿದ್ದಾಪುರದ ಕಡೆಯ ರೊಬಸ್ಟಾ ಕಾಫಿ ತೋಟ. ಮೆಟಲ್ ಡಿಟೆಕ್ಟರ್ ಬೇಕೆನಿಸಿದ್ದಕ್ಕೆ ಮೂರು ಕಾರಣಗಳಿದ್ದವು. ಕೊಯ್ಲಿನ ಕಾಲದಲ್ಲಿ ಕಳಚಿ ಬೀಳುವ ಓಲೆ, ಉಂಗುರ, ಸರಗಳನ್ನು ತರಗೆಲೆಯ ಅಡಿಯಿಂದ ಹುಡುಕಿ ಕೊಡಬೇಕಿತ್ತು. ಹಿಂದಿನವರು ಹೂತಿಟ್ಟ, ನಕ್ಷೆಯೇ ಇಲ್ಲದ ಜಿಐ ಪೈಪಿನ ಸಾಲು ಎಲ್ಲಿ ಹೋಗುತ್ತದೆಂದು ತಿಳಿಯಬೇಕಿತ್ತು. ಕಡಿದ ಸಿಲ್ವರ್ ಓಕ್ ದಿಮ್ಮಿಗಳು ಮಿಲ್ಲಿಗೆ ಹೋಗುವ ಮುನ್ನ, ಮರದೊಳಗೆ ಸೇರಿಹೋದ ಮೊಳೆ ಮತ್ತು ಮುಳ್ಳುತಂತಿಯನ್ನು ಗುರುತಿಸಬೇಕಿತ್ತು. ಇವುಗಳಲ್ಲಿ ನನಗೆ ಮೊದಲನೆಯದೇ ಮುಖ್ಯವಾಗಿತ್ತು. ಕೂಲಿಗೆ ಬಂದ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ದುಡಿದು ಮಾಡಿಸಿಕೊಂಡ ಅರ್ಧ ಪವನಿನ ಓಲೆ ಗಿಡದ ಬುಡದಲ್ಲಿ ಬಿದ್ದುಹೋದರೆ, ಅದನ್ನು ಹುಡುಕಿ ಕೊಡುವ ಹೊಣೆ ತೋಟದವರದು ಎಂದು ನಾನು ನಂಬಿದ್ದೇನೆ.

ಯಂತ್ರವನ್ನು ಆರಿಸಲು ವಿಮರ್ಶೆಗಳನ್ನು ಓದಲು, ವಿಡಿಯೊಗಳನ್ನು ನೋಡಲು ಆರಂಭಿಸಿದಾಗ ನನಗೆ ಸ್ಪಷ್ಟವಾದದ್ದು ಒಂದೇ ಸಂಗತಿ. ವಿಮರ್ಶಕ ಯಾವ ಮಣ್ಣಿನ ಮೇಲೆ ನಿಂತು, ಯಾವ ವಸ್ತುವನ್ನು, ಹೇಗೆ ಹೂತು ಪರೀಕ್ಷಿಸಿದ ಎಂಬುದನ್ನು ಹೇಳದಿದ್ದರೆ, ಅವನು ಕೊಡುವ ಅಂಕಗಳಿಂದ ಕೊಡಗಿನ ತೋಟಗಾರನಿಗೆ ಯಾವ ಉಪಯೋಗವೂ ಇಲ್ಲ. ಆದ್ದರಿಂದ ಪ್ರತಿ ವಿಮರ್ಶೆಯಲ್ಲೂ ನಾನು ಈ ಮೂರನ್ನೇ ಮೊದಲು ಹುಡುಕುತ್ತಿದ್ದೆ. ಮೂರೂ ಇಲ್ಲದ ವಿಮರ್ಶೆಗಳನ್ನು, ಅವು ಎಷ್ಟೇ ಚೆನ್ನಾಗಿ ಬರೆದಿದ್ದರೂ, ಬದಿಗಿಟ್ಟೆ. ಹತ್ತು ಉತ್ತಮ ಯಂತ್ರಗಳೆಂದು ಪಟ್ಟಿ ಕೊಟ್ಟು, ತಯಾರಕರ ಕೈಪಿಡಿಯ ಮಾತುಗಳನ್ನೇ ತಿರುಗಿಸಿ ಬರೆದು, ಪ್ರತಿಯೊಂದರ ಕೆಳಗೂ ಕೊಳ್ಳುವ ಕೊಂಡಿ ಹಾಕಿದ ಬರಹಗಳು ಹೀಗೆ ಒಂದೇ ಸಲಕ್ಕೆ ಹೊರಬಿದ್ದವು. ಕೊಂಡಿಯಿಂದ ಬರೆದವನಿಗೆ ಕಮಿಷನ್ ಸಿಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಯಂತ್ರ ಅವನ ಕೈಯಲ್ಲಿತ್ತು ಎಂಬುದಕ್ಕೆ ಕೆಸರು ಮೆತ್ತಿದ ಕಾಯಿಲ್‌ನ, ಅಂದರೆ ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗದ, ಒಂದು ಚಿತ್ರವಾದರೂ ಇರಬೇಕು.

ಮಣ್ಣಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಟೆಕ್ಟರಿನ ಕಾಯಿಲ್ ನೆಲದೊಳಗೆ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಕಳಿಸುತ್ತದೆ, ಅದರಿಂದ ಲೋಹದಲ್ಲಿ ಸುಳಿ ವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತಿನ ಮರುಕ್ಷೇತ್ರವನ್ನು ಕಾಯಿಲ್ ಗ್ರಹಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಖನಿಜಗಳಿದ್ದರೆ ಮಣ್ಣೇ ಒಂದು ಮರುದನಿ ಕೊಡುತ್ತದೆ, ಸಣ್ಣ ವಸ್ತುವಿನ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಲಕ್ಷಾಂತರ ವರ್ಷಗಳ ಮಳೆ ಸಿಲಿಕಾವನ್ನು ತೊಳೆದುಹಾಕಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದ ಕೆಂಪು ಜಂಬಿಟ್ಟಿಗೆ ಮಣ್ಣು ನಮ್ಮ ಜಿಲ್ಲೆಯಲ್ಲಿ ಸಾಕಷ್ಟಿದೆ. ಇಂಗ್ಲೆಂಡಿನ ಉತ್ತ ಹೊಲದಲ್ಲಿ ಒಂದು ನಾಣ್ಯ 25 ಸೆಂಟಿಮೀಟರ್ ಆಳದಲ್ಲಿ ಸಿಕ್ಕಿತೆಂಬ ಮಾತನ್ನು ಇಂಥ ನೆಲಕ್ಕೆ ಹಾಗೆಯೇ ಅನ್ವಯಿಸಲಾಗದು. ಬೆಂಕಿ ಕಂಡ ಮಣ್ಣು ಇನ್ನೂ ಹೆಚ್ಚು ಕಾಂತೀಯವಾಗುತ್ತದೆ, ಹಾಗಾಗಿ ಕಸ ಸುಟ್ಟ ಜಾಗ, ಕೂಲಿಯವರ ಹಳೆಯ ಲೈನ್ ಮನೆಯ ಒಲೆಯಿದ್ದ ಜಾಗ, ಹೆಂಚಿನ ಚೂರು ಬಿದ್ದ ಜಾಗಗಳಲ್ಲಿ ಯಂತ್ರ ಸುಮ್ಮನೆ ಕೂಗುವುದುಂಟು.

ಕೊಳ್ಳುವ ಮುನ್ನ ನನ್ನ ನೆಲವನ್ನು ನಾನೇ ನೋಡಿಕೊಂಡೆ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ತೋಟದ ಬೇರೆ ಬೇರೆ ಕಡೆಯ ಒಣಗಿಸಿದ ಮಣ್ಣಿನಲ್ಲಿ ಎಳೆದೆ. ತರಗೆಲೆ ಕೊಳೆತು ಆದ ಮೇಲ್ಮಣ್ಣಿನಲ್ಲಿ ಹೆಚ್ಚೇನೂ ಅಂಟಲಿಲ್ಲ. ತೋಡಿನ ಅಂಚಿನ ಮರಳಿನಲ್ಲಿ ಕಪ್ಪು ಹರಳುಗಳು ದಟ್ಟವಾಗಿ ಅಂಟಿಕೊಂಡವು. ಕಬ್ಬಿಣದ ಎಲ್ಲ ಆಕ್ಸೈಡುಗಳನ್ನೂ ಆಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಇದು ಪೂರ್ಣ ಪರೀಕ್ಷೆಯಲ್ಲ. ಆದರೂ ಇದರ ನಂತರ ವಿಮರ್ಶೆಗಳಲ್ಲಿ ನಾನು ಹುಡುಕಬೇಕಾದದ್ದು ಏನೆಂದು ಖಚಿತವಾಯಿತು. ಯಂತ್ರವನ್ನು ನೆಲಕ್ಕೆ ತಕ್ಕಂತೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಬಳಸುವವನ ಕೈಯಲ್ಲಿದೆಯೇ, ಅಥವಾ ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ನಿಲ್ಲಿಸಿಬಿಟ್ಟಿದ್ದಾರೆಯೇ? ಗ್ಯಾರೆಟ್ ಏಸ್ 300 ಕುರಿತು ಬಹಳ ಮಂದಿ ಒಳ್ಳೆಯ ಮಾತು ಬರೆದಿದ್ದಾರೆ. ಅದು 8 ಕಿಲೋಹರ್ಟ್ಸ್ ಆವರ್ತನದಲ್ಲಿ, ಅಂದರೆ ಕಾಂತಕ್ಷೇತ್ರವನ್ನು ಸೆಕೆಂಡಿಗೆ 8 ಸಾವಿರ ಸಲ ಬದಲಿಸುತ್ತ, ಕೆಲಸ ಮಾಡುವ ಸರಳ ಯಂತ್ರ, ಉದ್ಯಾನದಲ್ಲಿ ನಾಣ್ಯ ಹುಡುಕುವವರಿಗೆ ಆ ಮಾತುಗಳು ನಿಜವೇ ಇರಬೇಕು. ಅದರ ಗ್ರೌಂಡ್ ಬ್ಯಾಲೆನ್ಸ್ ಮಾತ್ರ ಬದಲಿಸಲಾಗದಂತೆ ನಿಗದಿಯಾಗಿದೆ. ಹೊಗಳಿಕೆಯ ನಡುವೆ ಈ ಅಂಶವನ್ನು ಒಂದೇ ಸಾಲಿನಲ್ಲಿ ದಾಟಿಹೋದ ಬರಹಗಳಿಗಿಂತ, ಕೆಂಪು ಮಣ್ಣಿನ ಆಸ್ಟ್ರೇಲಿಯಾದಲ್ಲಿ ಯಂತ್ರಗಳನ್ನು ಬಳಸಿದವರ ಒರಟು ಬರಹಗಳು ನನಗೆ ಹೆಚ್ಚು ಕಲಿಸಿದವು.

ಇನ್ನು ಹುಡುಕುವ ವಸ್ತು. ಪಾಶ್ಚಾತ್ಯರ ವಿಮರ್ಶೆಗಳಲ್ಲಿ ಚಿನ್ನದ ಪರೀಕ್ಷೆ ಎಂದರೆ ಸಾಮಾನ್ಯವಾಗಿ 9 ಅಥವಾ 14 ಕ್ಯಾರೆಟ್ಟಿನ ದಪ್ಪ ಉಂಗುರ. 14 ಕ್ಯಾರೆಟ್ಟಿನಲ್ಲಿ ಚಿನ್ನ ಶೇಕಡ 58.5, 9 ಕ್ಯಾರೆಟ್ಟಿನಲ್ಲಿ 37.5. ನಮ್ಮ ಹೆಂಗಸರು ತೊಡುವ 22 ಕ್ಯಾರೆಟ್ಟಿನಲ್ಲಿ ಅದು 91.6. ಚಿನ್ನ ಹೆಚ್ಚು ಶುದ್ಧವಾದಷ್ಟೂ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ, ಅದೇ ಗಾತ್ರದ ನಮ್ಮ ಉಂಗುರಕ್ಕೆ ಯಂತ್ರದ ಪರದೆಯಲ್ಲಿ, ಲೋಹದ ಬಗೆಯನ್ನು ಸೂಚಿಸುವ ಅಂಕಿ ಅವರದಕ್ಕಿಂತ ಮೇಲೆ ಬರುತ್ತದೆ. ಸರದ ಕಥೆ ಬೇರೆ. ತೆಳು ಸರದ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸುಳಿ ವಿದ್ಯುತ್ತು ಸರಾಗವಾಗಿ ಹರಿಯುವುದಿಲ್ಲ. ಯಂತ್ರಕ್ಕೆ ಕಾಣುವುದು ಇಡೀ ಸರವಲ್ಲ, ಬಿಡಿಬಿಡಿ ಕೊಂಡಿಗಳು, ಹೆಚ್ಚೆಂದರೆ ಅದರ ಕೊಕ್ಕೆ. ಅಷ್ಟು ತೂಕದ ಚಿನ್ನವಿದ್ದರೂ ದನಿ ಕ್ಷೀಣ. ಸಣ್ಣ, ತೆಳು ವಸ್ತುಗಳಿಗೆ ಕಡಿಮೆ ಆವರ್ತನಕ್ಕಿಂತ ಹೆಚ್ಚಿನ ಆವರ್ತನ ಅನುಕೂಲ. ಆದ್ದರಿಂದ ಬೆಳ್ಳಿ ನಾಣ್ಯದ ಆಳವನ್ನೇ ಅಳತೆಗೋಲಾಗಿ ಹಿಡಿದ ವಿಮರ್ಶೆಗಳನ್ನು ಬಿಟ್ಟು, ತೆಳು ಸರ ಮತ್ತು ಓಲೆಯನ್ನು ಹೂತು ನೋಡಿದವರ ಮಾತಿಗೆ ಕಿವಿಗೊಟ್ಟೆ. ಅಂಥವರು ಬಹಳ ಕಡಿಮೆ.

ಇದಕ್ಕೇ ಸೇರಿದ ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ಬೇಡದ ಲೋಹವನ್ನು ಬಿಟ್ಟುಬಿಡುವ ಡಿಸ್ಕ್ರಿಮಿನೇಷನ್ ಸೌಲಭ್ಯವನ್ನು ವಿಮರ್ಶಕರು ಬಾಯ್ತುಂಬ ಹೊಗಳುತ್ತಾರೆ. ಅಲ್ಯೂಮಿನಿಯಂ ಹಾಳೆಯ ಚೂರೂ ಸಣ್ಣ ಚಿನ್ನದ ಒಡವೆಯೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುತ್ತವೆ. ಮಾತ್ರೆಯ ಖಾಲಿ ಪಟ್ಟಿಯ ಕೂಗು ಬೇಡವೆಂದು ಅದನ್ನು ಮುಚ್ಚಿಸಿದರೆ ಓಲೆಯ ದನಿಯೂ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ವಾಡಿಕೆಯಿರುವುದರಿಂದ, ಮನೆಯ ಸುತ್ತ ಕಾಡತೂಸಿನ ಹಿತ್ತಾಳೆ ಬುಡಗಳೂ ಮಣ್ಣಿನಲ್ಲಿವೆ, ಅವೂ ಒಡವೆಯಂತೆಯೇ ಕೂಗಬಲ್ಲವು. ಕಸವನ್ನು ಅಗೆಯದೆ ಚಿನ್ನ ಮಾತ್ರ ತೋರಿಸುತ್ತದೆ ಎಂದು ಯಾರಾದರೂ ಒಂದು ಯಂತ್ರದ ಬಗ್ಗೆ ಬರೆದಿದ್ದರೆ, ಆ ವಿಮರ್ಶೆಯ ಉಳಿದ ಮಾತುಗಳನ್ನೂ ನಾನು ನಂಬಲಿಲ್ಲ.

ಆಳದ ಮಾತಿಗೆ ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಕಾಯಿಲ್‌ನಿಂದ ಸಣ್ಣ ವಸ್ತುವಿನವರೆಗೆ ಹೋಗುವ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಮರಳಿ ಬರುವಾಗಲೂ ಹಾಗೆಯೇ ಕುಗ್ಗುತ್ತದೆ. ವಸ್ತು ಕಾಯಿಲ್‌ನ ಗಾತ್ರಕ್ಕೆ ಹೋಲಿಸಿದರೆ ದೂರದಲ್ಲಿದ್ದಾಗ, ಆಳ ಇಮ್ಮಡಿಯಾದರೆ ದನಿ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸ ಮಾದರಿ ಹಳೆಯದಕ್ಕಿಂತ ಎರಡು ಪಟ್ಟು ಆಳಕ್ಕೆ ಹೋಗುತ್ತದೆ ಎನ್ನುವವನು ಈ 64 ಪಟ್ಟಿನ ಅಂತರಕ್ಕೆ ಕಾರಣ ಕೊಡಬೇಕು. ಗಾಳಿಯಲ್ಲಿ ಉಂಗುರ ಹಿಡಿದು ತೋರಿಸುವ ಪರೀಕ್ಷೆಯಲ್ಲಿ ಮಣ್ಣಿನ ಅಡ್ಡಿಯೇ ಇರುವುದಿಲ್ಲವಾದ್ದರಿಂದ, ಅದನ್ನು ನಾನು ಎರಡು ಯಂತ್ರಗಳನ್ನು ಹೋಲಿಸಲು ಮಾತ್ರ ಬಳಸಿದೆ.

ಅಂಟೆನಾದಂಥ ಕಡ್ಡಿಗಳಿರುವ, ನೂರಾರು ಮೀಟರ್ ದೂರದ ಚಿನ್ನವನ್ನು ತೋರಿಸುತ್ತದೆಂದು ಮಾರುವ ಸಾಧನಗಳ ಬಗ್ಗೆ ವಿಮರ್ಶೆ ಓದುವ ಅಗತ್ಯವೇ ಇಲ್ಲ. ಇದೇ ತೆರನಾದ ಎಡಿಇ 651 ಎಂಬ ಸಾಧನವನ್ನು ಬಾಂಬ್ ಪತ್ತೆಯ ಯಂತ್ರವೆಂದು ಇರಾಕಿಗೆ ಮಾರಿದ ಬ್ರಿಟಿಷ್ ವ್ಯಾಪಾರಿ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ವಂಚನೆಗಾಗಿ 10 ವರ್ಷಗಳ ಸೆರೆಯಾಯಿತು. ನಿಧಿಯ ಆಸೆಗೆ ಇಂಥದಕ್ಕೆ ಲಕ್ಷಗಟ್ಟಲೆ ಹಣ ಸುರಿಯಬಾರದೆಂದು ನನ್ನ ಪರಿಚಯದವರಿಗೆಲ್ಲ ಹೇಳುತ್ತಿದ್ದೇನೆ. ನಿಧಿಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ: ಹಳೆಯ ನೆಲದಲ್ಲಿ ನಾಣ್ಯ ಅಗೆದ ಪಾಶ್ಚಾತ್ಯರ ವಿಡಿಯೊಗಳನ್ನು ನೋಡಿ ಮಡಿಕೇರಿ ಕೋಟೆ, ನಾಲ್ಕುನಾಡು ಅರಮನೆ, ರಾಜರ ಸಮಾಧಿಗಳಾದ ಗದ್ದಿಗೆಗಳ ಹತ್ತಿರ ಯಂತ್ರ ಹಿಡಿದು ಅಡ್ಡಾಡಬಾರದು. ನಮ್ಮಲ್ಲಿ ನಿಧಿಗೂ ಸ್ಮಾರಕಗಳಿಗೂ ಬೇರೆಯೇ ಕಾನೂನುಗಳಿವೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ ಪುರಾವಸ್ತುವೇ.

ಕೊಡಗಿಗೆ ವಿಶೇಷವಾದ ಒಂದು ತೊಂದರೆಯನ್ನು ಯಾವ ವಿಮರ್ಶೆಯಲ್ಲೂ ನಾನು ನೇರವಾಗಿ ಕಾಣಲಿಲ್ಲ. ಆನೆಗಳಿಗಾಗಿ ಹಾಕಿದ ಸೋಲಾರ್ ಬೇಲಿ ಸೆಕೆಂಡಿಗೊಮ್ಮೆ ಎಂಬಂತೆ ವಿದ್ಯುತ್ ಬಡಿತ ಕಳಿಸುತ್ತದೆ, ಹತ್ತಿರದಲ್ಲಿರುವ ಡಿಟೆಕ್ಟರ್ ಆ ಬಡಿತಕ್ಕೆ ತಾಳ ಹಾಕಿದಂತೆ ಕೂಗುತ್ತದೆ. ವಿದ್ಯುತ್ ತಂತಿಗಳ ಕೆಳಗೆ ಅಥವಾ ಪೇಟೆಯ ಮನೆಗಳ ನಡುವೆ ಯಂತ್ರ ಬಳಸಿದವರು, ಆವರ್ತನವನ್ನು ಸ್ವಲ್ಪ ಸರಿಸಿ ಗದ್ದಲ ತಗ್ಗಿಸಲು ಸಾಧ್ಯವಾಯಿತೇ ಎಂದು ಬರೆದ ಅನುಭವಗಳಿಂದ ಇದಕ್ಕೆ ಉತ್ತರ ಊಹಿಸಿಕೊಂಡೆ. ಹಾಗೆಯೇ ನೀರು. ಕಾಯಿಲ್ ಮಾತ್ರ ನೀರಿಗೆ ತಡೆಯುವ ಯಂತ್ರವನ್ನೂ ಕೆಲವರು ವಾಟರ್‌ಪ್ರೂಫ್ ಎಂದೇ ಬರೆಯುತ್ತಾರೆ. ನಮ್ಮ ಮಳೆಗಾಲಕ್ಕೆ ಪರದೆ, ಬ್ಯಾಟರಿ ಇರುವ ಮೇಲಿನ ಪೆಟ್ಟಿಗೆಯೂ ತಡೆಯಬೇಕು.

ಹೀಗೆ ಜರಡಿ ಹಿಡಿದ ಮೇಲೆ ನಾನು ಟರ್ಕಿಯ ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ ಆರಿಸಿದೆ. ಅದರ ಆವರ್ತನ 12 ಕಿಲೋಹರ್ಟ್ಸ್, ಗ್ರೌಂಡ್ ಬ್ಯಾಲೆನ್ಸ್ ನನ್ನ ಕೈಯಲ್ಲಿದೆ, ತೂಕ 1.3 ಕಿಲೊ, ಇಡೀ ಯಂತ್ರ 3 ಮೀಟರ್ ನೀರಿಗೆ ತಡೆಯುತ್ತದೆ. ಒಂದೇ ಸಲ ಹಲವು ಆವರ್ತನಗಳನ್ನು ಬಳಸುವ ಮೈನ್‌ಲ್ಯಾಬ್ ಈಕ್ವಿನಾಕ್ಸ್ ಕಬ್ಬಿಣದ ಮಣ್ಣಿಗೆ ಇನ್ನೂ ಉತ್ತಮವೆಂಬ ಬರಹಗಳನ್ನು ನಾನು ನಂಬುತ್ತೇನೆ, ಆದರೆ ವರ್ಷದಲ್ಲಿ ಕೆಲವೇ ಸಲ ಬೇಕಾಗುವ ಕೆಲಸಕ್ಕೆ ಆ ಬೆಲೆ ನನಗೆ ಹೆಚ್ಚೆನಿಸಿತು.

ಪೆಟ್ಟಿಗೆ ಬಂದ ಕೂಡಲೇ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಮನೆಯವರ ಉಂಗುರ ಮತ್ತು ತೆಳು ಸರವನ್ನು ದಾರ ಕಟ್ಟಿ, ಗಿಡಗಳ ನಡುವೆ ಬೇರೆ ಬೇರೆ ಆಳದಲ್ಲಿ ಹೂತು ಪರೀಕ್ಷಿಸಿದೆ. ಉಂಗುರ ಒಂದು ಗೇಣಿನಷ್ಟು ಆಳದಲ್ಲೂ ಸ್ಪಷ್ಟವಾಗಿ ಕೇಳಿಸಿತು. ಉದ್ದಕ್ಕೆ ಹರಡಿದ ಸರ ನಾಲ್ಕು ಬೆರಳಿನ ಆಳದಲ್ಲೇ ಕ್ಷೀಣವಾಯಿತು. ಸರವನ್ನು ಹೂತು ನೋಡಿದ ಆ ಕೆಲವರು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು. ಅದೃಷ್ಟಕ್ಕೆ, ಕೊಯ್ಲಿನಲ್ಲಿ ಬೀಳುವ ಒಡವೆ ತರಗೆಲೆಯ ಅಡಿಯಲ್ಲೇ ಇರುತ್ತದೆ, ಆಳಕ್ಕೆ ಇಳಿದಿರುವುದಿಲ್ಲ.

ದಿಮ್ಮಿಯೊಳಗಿನ ಮೊಳೆಗೆ ಮಾತ್ರ ದೊಡ್ಡ ಕಾಯಿಲ್ ಒಪ್ಪುವುದಿಲ್ಲ. ಜಾಗವನ್ನು ಬೆರಳಿಟ್ಟು ತೋರಿಸಲು ಕೈಯಲ್ಲಿ ಹಿಡಿಯುವ ಸಣ್ಣ ಪಿನ್‌ಪಾಯಿಂಟರ್ ಬೇಕು. ತರಗೆಲೆಯೊಳಗೆ ಓಲೆಯನ್ನು ಕೊನೆಗೆ ಕೈಗೆ ತರುವುದೂ ಅದೇ. ಮೊದಲ ಯಂತ್ರಕ್ಕೆ ಹಣ ಹೊಂದಿಸುವವರು ಪಿನ್‌ಪಾಯಿಂಟರಿನ ಬೆಲೆಯನ್ನು ಮೊದಲೇ ತೆಗೆದಿಟ್ಟು, ಉಳಿದ ಹಣದಲ್ಲಿ ದೊಡ್ಡ ಯಂತ್ರ ಯಾವುದೆಂದು ನೋಡುವುದು ಒಳ್ಳೆಯದು.